ಒಗ್ಗರಣೆ-ಮಿರ್ಚಿ ಅಂಗಡಿ: ಹಗರಿಬೊಮ್ಮನಹಳ್ಳಿ ಗಿರಾಕಿ ಏನು ನೋಡ್ತಾನೆ, ಏನು ನೋಡೋದಿಲ್ಲ?

ಹಗರಿಬೊಮ್ಮನಹಳ್ಳಿ: ಸಂಜೆ ನಾಲ್ಕು ಗಂಟೆ ದಾಟಿತು ಅಂದರೆ ಪಟ್ಟಣದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಅಂಗಡಿಗಳ ಮುಂದೆ ಜನ ನಿಲ್ಲೋಕೆ ಶುರು. ಕಾಲೇಜು ಬಿಟ್ಟು ಊರಿನ ಬಸ್ಸಿಗೆ ಕಾಯೋ ಹುಡುಗರು, ಮಾರುಕಟ್ಟೆಗೆ ಮಾಲು ತಂದ ರೈತರು, ಹಮಾಲರು, ಆಟೊ ಚಾಲಕರು, ಕಚೇರಿ ಕೆಲಸಕ್ಕೆ ಹಳ್ಳಿಯಿಂದ ಬಂದವರು, ಎಲ್ಲರಿಗೂ ಇದೇ ಹೊಟ್ಟೆಗಾಸರೆ. ದೊಡ್ಡ ಹೋಟೆಲ್ಲಿಗೆ ಹೋಗುವಷ್ಟು ಸಮಯವೂ ಇಲ್ಲ, ದುಡ್ಡೂ ಇಲ್ಲ ಅನ್ನೋರಿಗೆ ಈ ಅಂಗಡಿಯೇ ಹೋಟೆಲ್.

ಇಂಥ ಅಂಗಡಿ ಚೆನ್ನಾಗಿದೆಯೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವವರು ಗಿರಾಕಿಗಳೇ. ಅವರ ಅಭಿಪ್ರಾಯವೇ ಅಂಗಡಿಯ ಬಂಡವಾಳ. ಆದರೆ ಆ ಅಭಿಪ್ರಾಯದಲ್ಲಿ ಏನೇನು ಸೇರುತ್ತದೆ, ಏನು ಬಿಟ್ಟುಹೋಗುತ್ತದೆ ಅನ್ನೋದು ಮುಖ್ಯ. ಬಿಟ್ಟುಹೋಗುವ ವಿಷಯಗಳು ನೇರವಾಗಿ ಆರೋಗ್ಯಕ್ಕೆ ಸಂಬಂಧಿಸಿದವು. ಆ ವಿವರ ಇಲ್ಲಿದೆ.

ತಿಂಡಿ ಒಂದೇ, ಹೆಸರು ಹಲವು

ವಿಜಯನಗರ, ಬಳ್ಳಾರಿ, ದಾವಣಗೆರೆ ಭಾಗದಲ್ಲಿ ಇದು ಮಂಡಕ್ಕಿ ಒಗ್ಗರಣೆ. ಆಡುಮಾತಿನಲ್ಲಿ ಬರೀ ‘ವಗ್ಗರಣಿ’. ಧಾರವಾಡ ಕಡೆ ಸುಸಲಾ ಅಂತಾರೆ. ಗಡಿ ದಾಟಿ ಆಂಧ್ರದ ಅನಂತಪುರ, ಕರ್ನೂಲಿಗೆ ಹೋದರೆ ಅದೇ ಉಗ್ಗಾನಿ. ಅಲ್ಲಿಯೂ ಅದಕ್ಕೆ ಮಿರ್ಚಿ ಬಜ್ಜಿಯೇ ಜೋಡಿ. ಮಂಡಕ್ಕಿಯನ್ನು ಮೈಸೂರು ಸೀಮೆಯವರು ಪುರಿ ಅಂತಾರೆ, ಧಾರವಾಡದವರು ಚುರುಮುರಿ ಅಂತಾರೆ. ಪಕ್ಕದ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳದ್ದೇ ಒಂದು ಬಡಾವಣೆ ಇದೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಚ್ಚಿ ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ ಅರಳುತ್ತದೆ.

ಮಾಡುವ ವಿಧಾನ ಸರಳ. ಮಂಡಕ್ಕಿಯನ್ನು ನೀರಿಗೆ ಹಾಕಿ ತಕ್ಷಣ ಹಿಂಡಿ ತೆಗೆಯಬೇಕು. ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿ, ಈರುಳ್ಳಿ, ಕರಿಬೇವು, ಅರಿಶಿನದ ಒಗ್ಗರಣೆಗೆ ಅದನ್ನು ಸೇರಿಸಿ, ಮೇಲೆ ಪುಟಾಣಿ ಪುಡಿ, ಕೊತ್ತಂಬರಿ, ನಿಂಬೆರಸ ಹಾಕಿದರೆ ಮುಗೀತು. ಮಿರ್ಚಿಗೆ ಉದ್ದನೆಯ, ಖಾರ ಕಡಿಮೆ ಇರುವ ಹಸಿಮೆಣಸಿನಕಾಯಿ. ಅದನ್ನು ಸೀಳಿ, ಉಪ್ಪು-ಜೀರಿಗೆ ಅಥವಾ ಹುಣಸೆ ಹಚ್ಚಿ, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾರೆ.

ಗಿರಾಕಿ ಮೊದಲು ನೋಡುವುದು

ಇಲ್ಲಿನ ಗಿರಾಕಿಗಳ ಮಾತು ಕೇಳಿದರೆ ನಾಲ್ಕೈದು ವಿಷಯ ಪದೇ ಪದೇ ಬರುತ್ತವೆ.

ಒಂದು, ಬಿಸಿ. ‘ಬಿಸಿ ಮಿರ್ಚಿ ಅದಾವೇನ್ರಿ’ ಅನ್ನುವುದೇ ಮೊದಲ ಪ್ರಶ್ನೆ. ತಣ್ಣಗಾದ ಮಿರ್ಚಿ ಎಷ್ಟೇ ರುಚಿಯಿದ್ದರೂ ಮೆತ್ತಗಾಗಿ ಎಣ್ಣೆ ಎಣ್ಣೆ ಅನಿಸುತ್ತದೆ. ಕಣ್ಣೆದುರೇ ಕರಿದು ಕೊಡುವ ಅಂಗಡಿಗೆ ಜನ ಹೆಚ್ಚು ಅನ್ನೋದಕ್ಕೆ ಇದೇ ಕಾರಣ.

ಎರಡು, ಒಗ್ಗರಣೆಯ ಹದ. ಮಂಡಕ್ಕಿ ಮುದ್ದೆ ಆಗಬಾರದು, ಒಣಗಿ ಗಂಟಲಿಗೂ ಸಿಕ್ಕಬಾರದು. ಪುಟಾಣಿ ಪುಡಿ ಕಡಿಮೆಯಾದರೆ ‘ಬರೇ ನೀರ್ ಮಂಡಕ್ಕಿ’ ಅಂತ ಆಡಿಕೊಳ್ಳುತ್ತಾರೆ.

ಮೂರು, ದರ ಮತ್ತು ಪ್ರಮಾಣ. ನೂರರ ನೋಟಿನೊಳಗೆ ಇಬ್ಬರ ಹೊಟ್ಟೆ ತುಂಬಬೇಕು ಅನ್ನೋದು ಸಾಮಾನ್ಯ ಲೆಕ್ಕ. ದರ ಒಂದೆರಡು ರೂಪಾಯಿ ಏರಿದರೆ ಗೊಣಗಿದರೂ ತಿನ್ನುತ್ತಾರೆ. ದರ ಹಾಗೇ ಇಟ್ಟು ಮಿರ್ಚಿ ಸಣ್ಣದು ಮಾಡಿದರೆ ಮಾತ್ರ ಮರೆಯೋದಿಲ್ಲ.

ನಾಲ್ಕು, ಮಾತು. ‘ಬರ್ರಿ, ಕುಂದರ್ರಿ’ ಅನ್ನುವ ಅಂಗಡಿಯವರಿಗೆ ಗಿರಾಕಿ ಕಾಯಂ. ಇನ್ನೊಂದು ಸಲ ಚಟ್ನಿ, ಈರುಳ್ಳಿ ಕೇಳಿದರೆ ಮುಖ ಗಂಟು ಹಾಕಿಕೊಳ್ಳುವವರ ಹತ್ತಿರ ಹಸಿವಾದಾಗ ಮಾತ್ರ ಹೋಗ್ತಾರೆ.

ಐದು, ಕೂರುವ ಜಾಗ. ಇದು ಗಂಡಸರ ಬಾಯಲ್ಲಿ ಕಡಿಮೆ ಬರುವ ದೂರು. ರಸ್ತೆ ಬದಿ ನಿಂತು ತಿನ್ನಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಪಾರ್ಸೆಲ್ ಕಟ್ಟಿಸಿಕೊಂಡು ಮನೆಗೋ ಬಸ್ಸಿಗೋ ಹೋಗುತ್ತಾರೆ. ಎರಡು ಬೆಂಚು, ಒಂದು ಪರದೆ, ಕೈ ತೊಳೆಯಲು ನೀರು ಇಟ್ಟರೆ ಕುಟುಂಬದವರೂ ಕೂರುತ್ತಾರೆ ಅನ್ನೋದನ್ನು ಹಲವು ಅಂಗಡಿಯವರು ಇನ್ನೂ ಗಮನಿಸಿಲ್ಲ.

ನಕ್ಷತ್ರಕ್ಕಿಂತ ಬಾಯಿಮಾತು

ನಗರಗಳಲ್ಲಿ ಹೋಟೆಲ್ ಆರಿಸುವವರು ಮೊಬೈಲ್‌ನಲ್ಲಿ ಐದಕ್ಕೆ ಎಷ್ಟು ನಕ್ಷತ್ರ ಅಂತ ನೋಡುತ್ತಾರೆ. ತಾಲ್ಲೂಕು ಕೇಂದ್ರದ ಬಂಡಿ ಅಂಗಡಿಗಳಲ್ಲಿ ಎಷ್ಟೋ ಅಂಗಡಿಗಳಿಗೆ ಬೋರ್ಡೇ ಇಲ್ಲ, ಇನ್ನು ನಕ್ಷತ್ರ ಎಲ್ಲಿಂದ? ಇರುವ ಕಡೆಯೂ ಹತ್ತಾರು ಜನ ಬರೆದದ್ದನ್ನು ಇಡೀ ಊರಿನ ಮಾತು ಅನ್ನಲು ಬರುವುದಿಲ್ಲ. ದುಡ್ಡು ಕೊಟ್ಟು ಬರೆಸುವ ಸುಳ್ಳು ವಿಮರ್ಶೆಗಳ ಕಾಟ ಹೆಚ್ಚಾದ ಕಾರಣಕ್ಕೇ ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಆನ್‌ಲೈನ್ ವಿಮರ್ಶೆಗಳಿಗೆ ಪ್ರತ್ಯೇಕ ಮಾನದಂಡ ತಂದಿತು.

ಇಲ್ಲಿ ನಡೆಯೋದು ಬಾಯಿಮಾತು. ‘ಅಲ್ಲಿ ತಿಂದ್ರ ಎದಿ ಉರೀತೈತಿ’ ಅನ್ನುವ ಒಂದು ಮಾತು ಬಸ್ಸಿನಲ್ಲಿ ಹಳ್ಳಿ ತನಕ ಹೋಗುತ್ತದೆ. ಆದರೆ ಬಾಯಿಮಾತಿಗೂ ಒಂದು ಮಿತಿ ಇದೆ. ನಾಲಿಗೆಗೆ ಗೊತ್ತಾಗುವುದನ್ನಷ್ಟೇ ಅದು ಹೇಳುತ್ತದೆ. ಗೊತ್ತಾಗದ ಮೂರು ಸಂಗತಿಗಳೆಂದರೆ ಎಣ್ಣೆ, ಕಾಗದ ಮತ್ತು ಬಣ್ಣ.

ಬಾಣಲೆಯ ಎಣ್ಣೆ

ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಒಡೆದು ‘ಪೋಲಾರ್ ಸಂಯುಕ್ತ’ಗಳೆಂಬ ವಸ್ತುಗಳು ಸೇರಿಕೊಳ್ಳುತ್ತವೆ. ಇವುಗಳ ಒಟ್ಟು ಪ್ರಮಾಣ ಶೇ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಈ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ಲೆಕ್ಕ ಇಟ್ಟು, ಬಳಸಿದ ಎಣ್ಣೆಯನ್ನು ಅಧಿಕೃತ ಸಂಗ್ರಹಕಾರರಿಗೆ ಕೊಡಬೇಕು. ಸಣ್ಣ ಅಂಗಡಿ ಈ 50 ಲೀಟರಿನ ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ಶೇ 25ರ ಮಿತಿ ಎಲ್ಲರಿಗೂ ಒಂದೇ.

ಅಳೆಯುವ ಉಪಕರಣ ಗಿರಾಕಿ ಕೈಯಲ್ಲಿ ಇರುವುದಿಲ್ಲ ನಿಜ. ಕಣ್ಣು, ಮೂಗು ಇವೆ. ಎಣ್ಣೆ ಕಪ್ಪಾಗಿ ಜಿಡ್ಡುಗಟ್ಟಿದ್ದರೆ, ಮೇಲೆ ನೊರೆ ನಿಂತಿದ್ದರೆ, ನೀಲಿ-ಬೂದು ಹೊಗೆ ಏಳುತ್ತಿದ್ದರೆ, ಕಮಟು ವಾಸನೆ ಬಂದರೆ ಆ ಎಣ್ಣೆಯ ಕಾಲ ಮುಗಿದಿದೆ ಅಂತಲೇ ಅರ್ಥ. ಪದೇ ಪದೇ ಕಾಯಿಸುವುದನ್ನೇ ಬಿಡಬೇಕು, ಅನಿವಾರ್ಯವಾದರೆ ಮೂರು ಸಲ ಮೀರಬಾರದು ಅನ್ನುವುದು ಪ್ರಾಧಿಕಾರದ ಸಲಹೆ. ಹಳೇ ಎಣ್ಣೆಗೆ ಹೊಸ ಎಣ್ಣೆ ಸುರಿದರೆ ಬಣ್ಣ ತಿಳಿಯಾಗುತ್ತದೆ. ಹಾಳಾದದ್ದು ಒಳಗೇ ಉಳಿಯುತ್ತದೆ.

ಮಿರ್ಚಿ ಎಣ್ಣೆ ಕುಡಿಯುವುದಕ್ಕೆ ಬೇರೆ ಕಾರಣವೂ ಇರುತ್ತದೆ. ಎಣ್ಣೆ ಸರಿಯಾಗಿ ಕಾದಿರದಿದ್ದರೆ, ಒಂದೇ ಸಲ ಬಾಣಲೆ ತುಂಬ ಬಿಟ್ಟರೆ, ಹಿಟ್ಟಿಗೆ ಸೋಡಾ ಹೆಚ್ಚು ಹಾಕಿದರೆ ಹೊಸ ಎಣ್ಣೆಯಲ್ಲೂ ಮಿರ್ಚಿ ಜಿಡ್ಡಾಗುತ್ತದೆ. ಹಾಗಾಗಿ ‘ಎಣ್ಣಿ ಜಾಸ್ತಿ’ ಅನ್ನುವ ದೂರೆಲ್ಲ ಹಳೇ ಎಣ್ಣೆಯ ದೂರಲ್ಲ.

ಅಂಗಡಿಯವರ ಕಷ್ಟವನ್ನೂ ಇಲ್ಲಿ ಹೇಳಬೇಕು. ದೇಶಕ್ಕೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರವು ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿತು. 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಸಿತು. ದಿಲ್ಲಿಯ ಈ ಏರಿಳಿತ ಬಂಡಿ ಅಂಗಡಿಯ ಬಾಣಲೆ ತನಕ ಬರುತ್ತದೆ. ಮಿರ್ಚಿ ದರ ಏರಿಸಿದರೆ ಗಿರಾಕಿ ಹೋಗ್ತಾನೆ, ಏರಿಸದಿದ್ದರೆ ಎಣ್ಣೆ ಇನ್ನೊಂದು ದಿನ ಎಳೆಯಬೇಕು. ಕಡಿಮೆ ದರಕ್ಕೆ ಪಟ್ಟು ಹಿಡಿಯುವ ಗಿರಾಕಿಯ ಪಾಲೂ ಈ ಹಳೇ ಎಣ್ಣೆಯಲ್ಲಿ ಇದೆ.

ಸುತ್ತಿ ಕೊಡುವ ಕಾಗದ

ಬಿಸಿ ಮಿರ್ಚಿಯನ್ನು ಪೇಪರಿನಲ್ಲಿ ಸುತ್ತಿ ಹಿಂಡಿ, ಎಣ್ಣೆ ತೆಗೆದು ತಿನ್ನುವುದು ಹಲವರ ರೂಢಿ. ಆರೋಗ್ಯ ಕಾಳಜಿ ಅಂದುಕೊಂಡು ಮಾಡುವ ತಪ್ಪಿದು. ಬಿಸಿ ಎಣ್ಣೆ ತಗುಲಿದಾಗ ಮುದ್ರಣದ ಶಾಯಿ ತಿಂಡಿಗೆ ಅಂಟುತ್ತದೆ. ಶಾಯಿಯಲ್ಲಿ ಸೀಸದಂಥ ಲೋಹಗಳೂ ಇರಬಹುದು. ಪ್ರಾಧಿಕಾರ 2016ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. 2018ರ ಪ್ಯಾಕೇಜಿಂಗ್ ನಿಯಮಾವಳಿ ಪ್ರಕಾರ ಆಹಾರವನ್ನು ಸುದ್ದಿಪತ್ರಿಕೆಯಲ್ಲಿ ಸುತ್ತುವುದು, ಬಡಿಸುವುದು ನಿಷಿದ್ಧ. 2023ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಸೂಚನೆ ಬಂತು. ಹಾಗಂತ ಪ್ಲಾಸ್ಟಿಕ್ ತಟ್ಟೆ, ಚಮಚಕ್ಕೆ ಹೋಗುವಂತೆಯೂ ಇಲ್ಲ. ಅವಕ್ಕೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಇದೆ. ಮುತ್ತುಗದ ಎಲೆ, ಅಡಿಕೆ ಹಾಳೆ, ತೊಳೆದ ಸ್ಟೀಲ್ ತಟ್ಟೆ ಇವೇ ಒಳ್ಳೆಯದು. ಪಾರ್ಸೆಲ್‌ಗೆ ಮನೆಯಿಂದ ಡಬ್ಬಿ ತಂದರೆ ಯಾವ ಅಂಗಡಿಯವರೂ ಬೇಡ ಅನ್ನೋದಿಲ್ಲ.

ಬಣ್ಣ ಮತ್ತು ಹೊಸ ತಿಂಡಿಗಳು

ಒಗ್ಗರಣೆಯ ಹಳದಿ ಅರಿಶಿನದ್ದು. ಪಕ್ಕದ ಬಂಡಿಯ ಗೋಬಿ, ಕಬಾಬಿನ ಕೆಂಪು ಹಾಗಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಆರೋಗ್ಯ ಇಲಾಖೆ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತ್ತು. ಗೋಬಿಗೆ ಬಣ್ಣ ಹಾಕುವುದನ್ನು ಆಗಲೇ ನಿಷೇಧಿಸಲಾಯಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ನಿಷೇಧ ಬಂತು. ಈ ಬಣ್ಣ ಹಾಕುತ್ತಿದ್ದದ್ದು ಗಿರಾಕಿಗೆ ಕೆಂಪಗೆ ಇದ್ದರೇ ಇಷ್ಟ ಅನ್ನುವ ಕಾರಣಕ್ಕೆ. ಅಂದರೆ ಇಲ್ಲಿ ದಾರಿ ತಪ್ಪಿಸಿದ್ದು ಗಿರಾಕಿಯ ಅಭಿಪ್ರಾಯವೇ.

ಈಗ ಸಣ್ಣ ಪಟ್ಟಣಗಳಿಗೂ ಶವರ್ಮಾ ಬರುತ್ತಿದೆ. ಟರ್ಕಿಯ ಡೋನರ್, ಗ್ರೀಸಿನ ಗೈರೋ, ಅರಬ್ ದೇಶಗಳ ಶವರ್ಮಾ ಮೂರೂ ಒಂದೇ ಕುಟುಂಬದವು: ನಿಲ್ಲಿಸಿದ ಸಲಾಕೆಗೆ ಮಾಂಸ ಪೋಣಿಸಿ, ತಿರುಗಿಸಿ ಸುಟ್ಟು, ಹೊರಗಿನದನ್ನು ಕೆತ್ತಿ ರೊಟ್ಟಿಯಲ್ಲಿ ಸುತ್ತುವುದು. ಅಲ್ಲಿಯೂ ಇದು ಬಡವರ, ಅವಸರದವರ ತಿಂಡಿ. ಮಿರ್ಚಿಗೂ ಇದಕ್ಕೂ ಒಂದು ವ್ಯತ್ಯಾಸ ಉಂಟು. ಮಿರ್ಚಿ ಕುದಿಯುವ ಎಣ್ಣೆಯಿಂದ ನೇರ ಕೈಗೆ ಬರುತ್ತದೆ. ಶವರ್ಮಾದಲ್ಲಿ ಹೊರಗೆ ಬೆಂದರೂ ಒಳಗಿನ ಮಾಂಸ ಹಸಿಯಾಗಿರಬಹುದು. ಮಯೊನೀಸ್ ಹೊತ್ತು ಕಳೆದಂತೆ ಕೆಡುತ್ತದೆ. 2022ರ ಮೇನಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು 16 ವರ್ಷದ ವಿದ್ಯಾರ್ಥಿನಿ ಮೃತಪಟ್ಟಳು, ಹಲವರು ಆಸ್ಪತ್ರೆ ಸೇರಿದರು. 2024ರಲ್ಲಿ ಕರ್ನಾಟಕದಲ್ಲಿ ಪರೀಕ್ಷಿಸಿದ 17 ಶವರ್ಮಾ ಮಾದರಿಗಳಲ್ಲಿ ಸುರಕ್ಷಿತ ಎನಿಸಿದ್ದು 8 ಮಾತ್ರ. ತಿಂಡಿ ಹೊಸದಾದಷ್ಟೂ ಅದನ್ನು ಅಳೆಯುವ ರೂಢಿ ಊರಿಗೆ ಇರುವುದಿಲ್ಲ ಅನ್ನೋದಕ್ಕೆ ಇದು ಸಾಕ್ಷಿ.

ಜಾತ್ರೆ ದಿನ ಹೆಚ್ಚು ಎಚ್ಚರ

ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವ, ಮೈಲಾರದ ಕಾರ್ಣಿಕದಂಥ ಜಾತ್ರೆಗಳಲ್ಲಿ ಮಂಡಕ್ಕಿ-ಮಿರ್ಚಿ ಇಲ್ಲದೆ ನಡೆಯುವುದಿಲ್ಲ. ಆದರೆ ಊರಿನ ಅಂಗಡಿಗೆ ನಾಳೆಯೂ ಅದೇ ಗಿರಾಕಿ ಬರಬೇಕು ಅನ್ನೋ ಭಯ ಇರುತ್ತದೆ; ಜಾತ್ರೆಯ ಅಂಗಡಿಗೆ ಆ ಭಯ ಇಲ್ಲ. ಬಾಯಿಮಾತು ಹಬ್ಬುವ ಹೊತ್ತಿಗೆ ಅಂಗಡಿಯೇ ಎತ್ತಿರುತ್ತದೆ. ಅಲ್ಲಿ ಕುಡಿಯುವ ನೀರು, ಮುಚ್ಚಿಡದ ಈರುಳ್ಳಿ-ಚಟ್ನಿ, ತಟ್ಟೆ ತೊಳೆಯುವ ಬಕೆಟ್ ಇಷ್ಟನ್ನಾದರೂ ನೋಡಿ ತಿನ್ನಬೇಕು.

ದೂರು ಎಲ್ಲಿ, ಹೇಗೆ?

ಬಂಡಿ ಅಂಗಡಿಯೂ ಸೇರಿ ಆಹಾರ ಮಾರುವ ಎಲ್ಲರೂ ನೋಂದಣಿ ಮಾಡಿಸಬೇಕು. 2006ರ ಆಹಾರ ಸುರಕ್ಷತೆ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಾವಳಿ ಸಣ್ಣ ವ್ಯಾಪಾರಿಗಳಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇಟ್ಟಿತು. ನೋಂದಣಿಯಾದರೆ 14 ಅಂಕಿಯ ಸಂಖ್ಯೆ ಸಿಗುತ್ತದೆ. ಅದನ್ನು ಅಂಗಡಿಯಲ್ಲಿ ಕಾಣುವಂತೆ ಹಾಕಬೇಕು.

ತಿಂಡಿಯಿಂದ ತೊಂದರೆಯಾದರೆ ಪ್ರಾಧಿಕಾರದ ಉಚಿತ ಸಂಖ್ಯೆ 1800112100ಕ್ಕೆ ಕರೆ ಮಾಡಬಹುದು. ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲೂ ದೂರು ಕೊಡಬಹುದು. ಗ್ರಾಹಕ ಸಹಾಯವಾಣಿ 1915. ಅಂಗಡಿ, ದಿನ, ಸಮಯ, ತಿಂದದ್ದು ಏನು ಅನ್ನುವುದನ್ನು ಬರೆದಿಟ್ಟುಕೊಂಡರೆ ದೂರಿಗೆ ಬಲ. ವಾಂತಿ-ಭೇದಿ ಆದವರು ಮೊದಲು ಆಸ್ಪತ್ರೆಗೆ ಹೋಗಬೇಕು, ದೂರು ಆಮೇಲೆ.

ಆದರೆ ಎಲ್ಲದಕ್ಕೂ ಅಧಿಕಾರಿಗಳು ಬರಬೇಕಿಲ್ಲ. ದಿನಾ ಬರುವ ಗಿರಾಕಿ ಬೇರೆ ಅಂಗಡಿ ಹುಡುಕಿಕೊಳ್ಳುವ ಮೊದಲು ‘ಎಣ್ಣಿ ಕಪ್ಪಾಗೈತಿ, ಬದಲಿ ಮಾಡ್ರಿ’, ‘ಪೇಪರ್ ಬ್ಯಾಡ, ಎಲಿಯಾಗ ಕೊಡ್ರಿ’ ಅಂತ ಎದುರಿಗೇ ಹೇಳಿದರೆ ಅಂಗಡಿಯವರು ತಿದ್ದಿಕೊಳ್ಳಲು ದಾರಿ ಸಿಗುತ್ತದೆ. ಒಳ್ಳೆ ಎಣ್ಣೆಗೆ ಒಂದು ರೂಪಾಯಿ ಹೆಚ್ಚು ಕೇಳಿದಾಗ ಕೊಡಲು ಗಿರಾಕಿಯೂ ತಯಾರಿರಬೇಕು.