ಇಂಗ್ಲಿಷ್ ಪದ ಗೋಕಾಕ ಮುಟ್ಟಿದ ದಾರಿ

ಇಂಗ್ಲಿಷಿನಲ್ಲಿ ‘ಮ್ಯಾಗ್ನಾನಿಮಸ್’ ಎಂಬ ಪದವಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕಂಠಪಾಠ ಮಾಡುವ ಕಠಿಣ ಪದಗಳಲ್ಲಿ ಇದೂ ಒಂದು. ಬಿಡಿಸಿ ನೋಡಿದರೆ ಅದರೊಳಗೆ ಲ್ಯಾಟಿನ್ ಭಾಷೆಯ ಎರಡು ಮಾತುಗಳಿವೆ. ‘ಮ್ಯಾಗ್ನಸ್’ ಎಂದರೆ ದೊಡ್ಡದು, ‘ಅನಿಮಸ್’ ಎಂದರೆ ಮನಸ್ಸು. ಗೋಕಾಕದ ಸಂತೆಯಲ್ಲೋ ಹುಕ್ಕೇರಿಯ ಬಸ್ ನಿಲ್ದಾಣದಲ್ಲೋ ಯಾರಾದರೂ ‘ದೊಡ್ಡ ಮನಸ್ಸು ಮಾಡ್ರಿ’ ಎಂದು ಕೇಳಿಕೊಂಡರೆ ಅವರು ಆಡುವುದು ಇದೇ ಭಾವವನ್ನು. ಇಷ್ಟು ಹತ್ತಿರದ ಪದ ಹಳ್ಳಿಯ ವಿದ್ಯಾರ್ಥಿಗೆ ಬೆಟ್ಟದಂತೆ ಕಾಣುವುದೇಕೆ? ಉತ್ತರದ ಒಂದು ಭಾಗ ಇತಿಹಾಸದಲ್ಲಿದೆ.

ಪೇಶ್ವೆಯವರ ಆಳ್ವಿಕೆ 1818ರಲ್ಲಿ ಮುಗಿದ ಮೇಲೆ ಬೆಳಗಾವಿ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮನೆಯಲ್ಲಿ ಕನ್ನಡವಿದ್ದರೂ ಸರ್ಕಾರಿ ಶಾಲೆಗಳಲ್ಲಿ ಬಹುಮಟ್ಟಿಗೆ ಮರಾಠಿಯೇ ನಡೆಯುತ್ತಿತ್ತು. ಮೋಲ್ಸ್‌ವರ್ತ್ ಮತ್ತು ಕ್ಯಾಂಡಿಯವರ ಇಂಗ್ಲಿಷ್–ಮರಾಠಿ ನಿಘಂಟು 1847ರಲ್ಲಿ ಹೊರಬಂತು. ಹೀಗಾಗಿ ಕನ್ನಡದ ಹುಡುಗ ಎರಡು ಮೆಟ್ಟಿಲು ಹತ್ತಬೇಕಿತ್ತು: ಮೊದಲು ಇಂಗ್ಲಿಷಿನಿಂದ ಮರಾಠಿಗೆ, ಆಮೇಲೆ ಮರಾಠಿಯಿಂದ ತನ್ನ ಮನೆಮಾತಿಗೆ.

ಕನ್ನಡದಲ್ಲಿ ನಿಘಂಟು ಇರಲಿಲ್ಲವೆಂದಲ್ಲ. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಷ್ಟು ಹಿಂದೆಯೇ ಮದರಾಸಿನಲ್ಲಿ ಅಚ್ಚಾಗಿತ್ತು. ಆದರೆ ಬಳ್ಳಾರಿ ಒಂದು ಪ್ರಾಂತ್ಯ, ಬೆಳಗಾವಿ ಮತ್ತೊಂದು. ಪಾಠದ ಭಾಷೆಯೇ ಬೇರೆಯಾದಾಗ ಕನ್ನಡದ ಅರ್ಥಕ್ಕೆ ತರಗತಿಯಲ್ಲಿ ಜಾಗವೆಲ್ಲಿ?

ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಪ್ರಮುಖರು ಶಿಕ್ಷಣಾಧಿಕಾರಿ ರಸೆಲ್ ಹಾಗೂ ಡೆಪ್ಯೂಟಿ ಚನ್ನಬಸಪ್ಪ. ಇವರ ಪ್ರಯತ್ನದಿಂದ ಕನ್ನಡ ಶಾಲೆಗಳು ತಲೆಯೆತ್ತಿದವು. ಶೇಕ್ಸ್‌ಪಿಯರನ ನಾಟಕವೊಂದನ್ನು ಚನ್ನಬಸಪ್ಪನವರು ‘ನಗದವರನ್ನು ನಗಿಸುವ ಕಥೆ’ಯೆಂದು 1871ರಲ್ಲಿ ಕನ್ನಡಕ್ಕೆ ತಂದದ್ದು ಗಮನಾರ್ಹ. ಇಂಗ್ಲಿಷನ್ನು ನೇರವಾಗಿ ಕನ್ನಡದ ಮೂಲಕ ಅರಿಯಬಹುದೆಂಬುದಕ್ಕೆ ಅದೊಂದು ಸಾಕ್ಷಿ.

ಮುಂದೆ 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಮಹತ್ತರ ಕೆಲಸವೇ ಸರಿ. ಆದರೆ ಅದರ ದಿಕ್ಕು ಕನ್ನಡದಿಂದ ಇಂಗ್ಲಿಷಿಗೆ. ಇಂಗ್ಲಿಷ್ ಪದಕ್ಕೆ ಕನ್ನಡ ಅರ್ಥ ಹುಡುಕುವವರಿಗೆ ದೊಡ್ಡ ಆಸರೆಯಾದದ್ದು 1946ರಲ್ಲಿ ಹೊರಬಂದ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು. ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು ಅದಾದ ಹತ್ತು ವರ್ಷಕ್ಕೆ, 1956ರಲ್ಲಿ.

ನಿಘಂಟು ಬಂದರೂ ತೊಡಕು ಪೂರ್ತಿ ತೀರಲಿಲ್ಲ. ಕಠಿಣ ಇಂಗ್ಲಿಷ್ ಪದಕ್ಕೆ ಅಷ್ಟೇ ಕಠಿಣವಾದ ಸಂಸ್ಕೃತ ಪದವನ್ನು ಅರ್ಥವಾಗಿ ಕೊಡುವ ರೂಢಿ ಬೆಳೆಯಿತು. ‘ಮ್ಯಾಗ್ನಾನಿಮಸ್’ ಎಂದರೆ ‘ಉದಾತ್ತಚಿತ್ತ’ ಎಂದು ಬರೆದುಕೊಂಡ ಹುಡುಗ ಒಂದು ಪದದ ಬದಲು ಎರಡನ್ನು ಉರು ಹೊಡೆಯಬೇಕಾಯಿತು. ‘ದೊಡ್ಡ ಮನಸ್ಸಿನವ’ ಎಂದಿದ್ದರೆ ಕೆಲಸ ಮುಗಿಯುತ್ತಿತ್ತು.

ನಿಘಂಟಿನ ಹಂಗಿಲ್ಲದೆ ಇಂಗ್ಲಿಷ್ ಕಲಿತವರೂ ಇದೇ ಸೀಮೆಯಲ್ಲಿದ್ದರು. 19ನೇ ಶತಮಾನದ ಕೊನೆಗೆ ಘಟಪ್ರಭೆಯ ನೀರಿನ ಬಲದಿಂದ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ಆರಂಭವಾಯಿತು. ಇಂಥ ಗಿರಣಿಗಳಲ್ಲಿ ಶಿಫ್ಟು, ಬಾಬಿನ್, ಸ್ಪಿಂಡಲ್ ಎಂಬ ಪದಗಳಿಗೆ ಯಾರೂ ಅರ್ಥ ಬರೆಸುವುದಿಲ್ಲ. ಕೈ ತಾಗಿದ ವಸ್ತುವೇ ಅರ್ಥ ಹೇಳಿಕೊಡುತ್ತದೆ.

ಎರಡು ಕೈಗಳನ್ನೂ ಸಮನಾಗಿ ಬಳಸಬಲ್ಲವನಿಗೆ ಇಂಗ್ಲಿಷಿನಲ್ಲಿ ‘ಆಂಬಿಡೆಕ್ಸ್‌ಟ್ರಸ್’ ಎನ್ನುತ್ತಾರೆ. ಪಟ್ಟಿಯಲ್ಲಿ ನೋಡಿದರೆ ನಾಲಗೆ ಹೊರಳದು. ಆದರೆ ಅವನೇ ಸವ್ಯಸಾಚಿ, ಎರಡೂ ಕೈಯಿಂದ ಬಾಣ ಬಿಡುವ ಅರ್ಜುನ. ಶ್ರೀಕೃಷ್ಣ ಪಾರಿಜಾತದೊಂದಿಗೆ ಹೆಸರು ಬೆಸೆದುಕೊಂಡ ತಮ್ಮಣ್ಣನ ಊರು ಕುಲಗೋಡ ಮೂಡಲಗಿ ಸೀಮೆಯಲ್ಲೇ ಇದೆ. ರಾತ್ರಿಯಿಡೀ ಆಟ ನೋಡಿ ಪುರಾಣ ಬಲ್ಲ ಮನೆಗಳ ಮಗುವಿಗೆ ಅರ್ಜುನನ ಮೂಲಕ ಆ ಪದವನ್ನು ಪರಿಚಯಿಸಿದರೆ ಅದು ಮರೆಯುವ ಮಾತಲ್ಲ.

ಹೈಸ್ಕೂಲಿನಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಗೋಕಾಕ ಎಂಬುದು ಅವರ ಹೆಸರಿನಲ್ಲಿ ಮಾತ್ರ. ವೃತ್ತಿಯಿಂದ ಅವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು, ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು. ಮನೆಮಾತು ಗಟ್ಟಿಯಾಗುವುದಕ್ಕೂ ಇಂಗ್ಲಿಷ್ ಒಲಿಯುವುದಕ್ಕೂ ವೈರವಿಲ್ಲವೆಂಬುದಕ್ಕೆ ಅವರ ಬದುಕೇ ಉದಾಹರಣೆ. ಇಂಗ್ಲಿಷ್ ಬಾರದೆಂದು ಕೊನೆಯ ಬೆಂಚಿನಲ್ಲಿ ಕೂಡುವ ಮಗುವಿನ ಬಾಯಲ್ಲಿ ಆ ಪದದ ಅರ್ಧ ಅರ್ಥ ಮೊದಲೇ ಇರುತ್ತದೆ. ಅದನ್ನು ತೋರಿಸಿಕೊಡುವವರು ಬೇಕು.