ದಡಾರದ ರೇಖೆ, ಗಂಟಲಮಾರಿಯ ರೇಖೆ: ಸಾವಿನ ಇಳಿಕೆಯಲ್ಲಿ ಲಸಿಕೆಯ ಪಾಲು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 20ನೇ ಶತಮಾನದ ಆರಂಭದಲ್ಲಿ ದಡಾರಕ್ಕೆ ವರ್ಷಕ್ಕೆ ಸಾವಿರಗಟ್ಟಲೆ ಮಕ್ಕಳು ಬಲಿಯಾಗುತ್ತಿದ್ದರು. 1960ರ ದಶಕಕ್ಕೆ ಆ ಸಂಖ್ಯೆ ನೂರರ ಆಸುಪಾಸಿಗೆ ಇಳಿದಿತ್ತು. ಲಸಿಕೆ ಬಂದದ್ದು 1968ರಲ್ಲಿ. ಲಸಿಕೆಯಿಂದ ಏನೂ ಆಗಲಿಲ್ಲ ಎನ್ನುವವರು ಎತ್ತಿ ತೋರಿಸುವುದು ಈ ಇಳಿಜಾರನ್ನೇ. ಅದು ಸುಳ್ಳಲ್ಲ, ಆದರೆ ಅದರಲ್ಲಿರುವುದು ಸತ್ತವರ ಲೆಕ್ಕ. ರೋಗ ತಗುಲಿದವರ ಲೆಕ್ಕ ಬೇರೆಯೇ ಇದೆ. ಲಸಿಕೆಗೆ ಮುಂಚೆ ವರದಿಯಾಗುತ್ತಿದ್ದ ಪ್ರಕರಣಗಳು ವರ್ಷಕ್ಕೆ 1.6 ಲಕ್ಷದಿಂದ 8 ಲಕ್ಷ. ಎರಡು ವರ್ಷಕ್ಕೊಮ್ಮೆ ಉಕ್ಕುತ್ತಿದ್ದ ಈ ಅಲೆ ತಗ್ಗಿದ್ದು 1968ರ ನಂತರವೇ. ಹೊಟ್ಟೆತುಂಬ ಉಂಡ ಮಗು ದಡಾರ ಬಂದರೂ ಬದುಕಿಕೊಂಡಿತು. ದಡಾರ ಬರುವುದಂತೂ ತಪ್ಪಲಿಲ್ಲ.

ಸೋಂಕುರೋಗಗಳ ಸಾವು ಒಟ್ಟಾರೆ ಇಳಿದದ್ದು ಮುಖ್ಯವಾಗಿ ಪೌಷ್ಟಿಕ ಆಹಾರದಿಂದ ಎಂದು ವೈದ್ಯ ಥಾಮಸ್ ಮೆಕ್ಯೂನ್ 1976ರಲ್ಲಿ ವಾದಿಸಿದರು. 1988ರಲ್ಲಿ ಇತಿಹಾಸಕಾರ ಸೈಮನ್ ಸ್ರೆಟರ್ ಅದನ್ನು ಪ್ರಶ್ನಿಸಿ, ಪುರಸಭೆಗಳ ನೀರು, ಚರಂಡಿ ಕೆಲಸಗಳಿಗೆ ಹೆಚ್ಚಿನ ಮಹತ್ವ ಕೊಟ್ಟರು. ಸಿಡುಬಿನ ಮಟ್ಟಿಗೆ ಲಸಿಕೆಯ ಪಾತ್ರವನ್ನು ಮೆಕ್ಯೂನ್ ಕೂಡ ಅಲ್ಲಗಳೆಯಲಿಲ್ಲ. ನನ್ನ ತಕರಾರು ಎಲ್ಲ ರೋಗಗಳ ಸಾವನ್ನೂ ಕೂಡಿಸಿದ ಒಟ್ಟು ಮೊತ್ತದ ಬಗ್ಗೆ. ಅದರಲ್ಲಿ ಕ್ಷಯದ ತೂಕ ಎಷ್ಟು ದೊಡ್ಡದೆಂದರೆ ಉಳಿದ ರೋಗಗಳ ಕಥೆ ಅದರಡಿ ಮುಚ್ಚಿಹೋಗುತ್ತದೆ.

ಹಾಗೆ ಮುಚ್ಚಿಹೋದದ್ದು ಗಂಟಲಮಾರಿ. ಗಂಟಲೊಳಗೆ ಬೂದುಬಣ್ಣದ ಪೊರೆ ಕಟ್ಟಿ ಮಗುವಿನ ಉಸಿರನ್ನೇ ಹಿಡಿಯುವ ರೋಗ ಇದು. 1890ರ ದಶಕದಲ್ಲಿ ಬಂದ ಪ್ರತಿವಿಷವು ರೋಗ ಬಂದವರಲ್ಲಿ ಸಾಯುವವರ ಪ್ರಮಾಣವನ್ನು ತಗ್ಗಿಸಿತು, ರೋಗವನ್ನಲ್ಲ. 1940ರಲ್ಲೂ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 46,000 ಪ್ರಕರಣ, 2,480 ಸಾವು. ಲಸಿಕೆಯ ರಾಷ್ಟ್ರೀಯ ಅಭಿಯಾನ ಶುರುವಾದದ್ದು ಆಗಲೇ, ಬಾಂಬ್ ಬೀಳುತ್ತಿದ್ದ ದಿನಗಳಲ್ಲಿ. ಯುದ್ಧಕಾಲದ ಪಡಿತರದಿಂದ ಬಡಮಕ್ಕಳ ಊಟ ಸುಧಾರಿಸಿತ್ತಲ್ಲ ಎಂದು ಯಾರಾದರೂ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಆದರೆ 1957ರಲ್ಲಿ ಸಾವು 6ಕ್ಕೆ ಇಳಿದದ್ದಷ್ಟೇ ಅಲ್ಲ, ಪ್ರಕರಣಗಳೇ ನಲವತ್ತರೊಳಗಿದ್ದವು. ದಡಾರವನ್ನು ತಡೆಯಲಾಗದ ಊಟ ಗಂಟಲಮಾರಿಯನ್ನು ಮಾತ್ರ ಹೀಗೆ ಗುಡಿಸಿಹಾಕಿತು ಎಂದರೆ ನಂಬುವುದು ಕಷ್ಟ.

1990ರ ದಶಕದಲ್ಲಿ, ಸೋವಿಯತ್ ಒಕ್ಕೂಟ ಒಡೆದು ಉಂಟಾದ ನಾಡುಗಳಲ್ಲಿ ಗಂಟಲಮಾರಿ ಮರಳಿತು: 1.5 ಲಕ್ಷಕ್ಕೂ ಹೆಚ್ಚು ಪ್ರಕರಣ, ಸುಮಾರು 5,000 ಸಾವು. ಲಸಿಕೆಯ ವ್ಯವಸ್ಥೆ ಹದಗೆಟ್ಟಿತ್ತು. ಜೊತೆಗೆ ಬಡತನವೂ ಬಂದಿತ್ತು, ನಿಜ. ಆದರೆ ದೊಡ್ಡವರನ್ನೂ ಸೇರಿಸಿ ಸಾಮೂಹಿಕವಾಗಿ ಲಸಿಕೆ ಹಾಕಿದ ಮೇಲೆ, 1995ರಿಂದಾಚೆಗೆ, ರೋಗ ಇಳಿಯಿತು. ಬಡತನ ಆಗಲೂ ಅಲ್ಲೇ ಇತ್ತು.