ರೈಫಲ್‌ನ ಮುಂದಿನ ಮರ ಗುರಿ ತಪ್ಪಿಸುತ್ತದೆಯೇ?

“ಗುಂಡು ಹೋಗುವುದು ಉಕ್ಕಿನ ನಳಿಕೆಯಲ್ಲಿ. ಕೆಳಗಿನ ಮರ ಕೈಯಲ್ಲಿ ಹಿಡಿಯಲು ಅಷ್ಟೇ. ಗುರಿ ತಪ್ಪಿದರೆ ಹೊಡೆದವನದೇ ತಪ್ಪು.” ಬಂದೂಕಿನ ಮಾತು ಬಂದಾಗ ಹೀಗೆ ಹೇಳುವವರಿದ್ದಾರೆ. ಇದು ನಿಜವೇ?

ಚಿಕ್ಕ ಉತ್ತರ: ಪೂರ್ತಿ ನಿಜವಲ್ಲ. ನಳಿಕೆಯ ಕೆಳಗಿರುವ ಮರ, ಅಂದರೆ ಫೋರ್‌ಸ್ಟಾಕ್, ಸರಿಯಾಗಿ ಕೂರದಿದ್ದರೆ ಒಳ್ಳೆಯ ಗುರಿಕಾರನ ಗುಂಡೂ ಚದುರುತ್ತದೆ.

ನಳಿಕೆ ನಡುಗುತ್ತದೆ

ಮದ್ದು ಹೊತ್ತಿಕೊಂಡ ಮೇಲೆ ಗುಂಡು ಹೊರಬರಲು ಒಂದೆರಡು ಮಿಲಿಸೆಕೆಂಡು ಸಾಕು. ಅಷ್ಟರಲ್ಲೇ ನಳಿಕೆ, ತಟ್ಟಿದ ಕಂಬಿಯಂತೆ ಕಂಪಿಸತೊಡಗುತ್ತದೆ. ಪ್ರತಿ ಸಲ ಒಂದೇ ರೀತಿ ಕಂಪಿಸಿದರೆ ತೊಂದರೆಯಿಲ್ಲ. ಗುಂಡುಗಳು ಒಂದೇ ಕಡೆ ಬೀಳುತ್ತವೆ, ಸೈಟ್ ಸರಿಹೊಂದಿಸಿಕೊಂಡರಾಯಿತು. ಆದರೆ ಮರ ಒಮ್ಮೆ ನಳಿಕೆಗೆ ತಾಗಿ, ಇನ್ನೊಮ್ಮೆ ತಾಗದಿದ್ದರೆ ಕಂಪನವೇ ಬದಲಾಗುತ್ತದೆ. ನಳಿಕೆಯ ತುದಿ ಒಂದು ಡಿಗ್ರಿಯ 60ನೇ ಒಂದು ಭಾಗ ವಾಲಿದರೂ 100 ಮೀಟರ್ ದೂರದಲ್ಲಿ ಗುಂಡು ಸುಮಾರು 3 ಸೆಂ.ಮೀ. ಪಕ್ಕಕ್ಕೆ ಬೀಳುತ್ತದೆ.

ಮಳೆಗಾಲದ ಬಾಗಿಲಿನಂತೆ

ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಫೋರ್‌ಸ್ಟಾಕ್ ಕೂಡ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕೊಡಗಿನಲ್ಲಿ ಆಯುಧಪೂಜೆಯ ಕೈಲ್‌ಪೊಳ್ದ್ ಹಬ್ಬ ಬರುವುದು ಸೆಪ್ಟೆಂಬರ್ ಆರಂಭದಲ್ಲಿ, ಮುಂಗಾರು ಮುಗಿಯುವ ಮುನ್ನ. ಆಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಬೇಸಿಗೆಯಲ್ಲಿ ಸೈಟ್ ಹೊಂದಿಸಿಟ್ಟ ಮರದ ರೈಫಲ್ ಆ ಹೊತ್ತಿಗೆ ಬೇರೆ ಕಡೆ ಹೊಡೆದರೆ ಆಶ್ಚರ್ಯವಿಲ್ಲ.

ಬಿಸಿಯೂ ಇದೇ ಕೆಲಸ ಮಾಡುತ್ತದೆ. ಒಂದರ ಹಿಂದೊಂದು ಗುಂಡು ಹಾರಿಸಿದಾಗ ಕಾದು ಹಿಗ್ಗಿದ ನಳಿಕೆ ಮರಕ್ಕೆ ಒತ್ತಿಕೊಂಡರೆ, ಗುಂಡುಗಳು ನಿಧಾನವಾಗಿ ಒಂದೇ ದಿಕ್ಕಿಗೆ ಸರಿಯುತ್ತಾ ಹೋಗುತ್ತವೆ.

ಪರಿಹಾರ ಎರಡು ಬಗೆ

ಮೊದಲನೆಯದು, ನಳಿಕೆಗೆ ಮರ ಎಲ್ಲಿಯೂ ತಾಗದಂತೆ ಸಂದು ಬಿಡುವುದು. ಇದಕ್ಕೆ ಫ್ರೀ ಫ್ಲೋಟಿಂಗ್ ಎನ್ನುತ್ತಾರೆ. ಇಂದಿನ ಹೆಚ್ಚಿನ ಸ್ಪರ್ಧಾ ರೈಫಲ್‌ಗಳಲ್ಲಿ ಇರುವುದು ಇದೇ.

ಎರಡನೆಯದು, ಬೇಕೆಂದೇ ಒಂದು ಗೊತ್ತಾದ ಜಾಗದಲ್ಲಿ ಒತ್ತು ಕೊಡುವುದು. ನಮ್ಮ ಪೊಲೀಸರ ಕೈಯಲ್ಲಿ ದಶಕಗಳ ಕಾಲ ಇದ್ದ ‘ತ್ರೀ ನಾಟ್ ತ್ರೀ’, ಅಂದರೆ ಲೀ-ಎನ್‌ಫೀಲ್ಡ್ ರೈಫಲ್‌ನ ನಳಿಕೆ ತೆಳು. ಅದರ ನಂಬರ್ 4 ಮಾದರಿಯಲ್ಲಿ ಮರದ ತುದಿ ನಳಿಕೆಯನ್ನು ಸುಮಾರು ಎರಡು ಕಿಲೋ ಬಲದಿಂದ ಮೇಲಕ್ಕೆ ಒತ್ತುವಂತೆ ಕೂರಿಸುತ್ತಾರೆ. ಹಾಗಾಗಿ “ಮರ ಕೆತ್ತಿ ತೆಗೆದರೆ ಯಾವ ರೈಫಲ್ ಆದರೂ ಸರಿಹೋಗುತ್ತದೆ” ಎಂಬ ಸಲಹೆ ಎಲ್ಲದಕ್ಕೂ ಹೊಂದುವುದಿಲ್ಲ. ಇಂಥ ರೈಫಲ್‌ನಲ್ಲಿ ಆ ಒತ್ತು ಹೋದರೆ ಗುರಿ ಇನ್ನಷ್ಟು ಕೆಡಬಹುದು.

ಎರಡೂ ಬಗೆಯಲ್ಲಿ ನಳಿಕೆಯ ಹಿಂದಿರುವ ಆ್ಯಕ್ಷನ್ ಭಾಗ ಮರದಲ್ಲಿ ಅಲುಗದೆ ಕೂತಿರಲೇಬೇಕು. ಅಲ್ಲಿ ಮರ ಸವೆದಿದ್ದರೆ ಪ್ರತಿ ಹೊಡೆತದ ಹಿಂದೇಟಿಗೂ ಅದು ಸ್ವಲ್ಪ ಜರುಗುತ್ತದೆ. ಆಗ ಮುಂದೆ ಏನು ಮಾಡಿದರೂ ಪ್ರಯೋಜನವಿಲ್ಲ.

ಮನೆಯಲ್ಲೇ ಮಾಡಬಹುದೇ?

ನೋಡಿ ತಿಳಿದುಕೊಳ್ಳಬಹುದು. ಪರವಾನಗಿ ಇರುವವರು, ರೈಫಲ್ ಖಾಲಿ ಇದೆ ಎಂದು ಎರಡೆರಡು ಸಲ ಖಚಿತಪಡಿಸಿಕೊಂಡು, ನಳಿಕೆ ಮತ್ತು ಮರದ ನಡುವೆ ಒಂದು ಕಾಗದದ ಚೂರು ಜಾರಿಸಿ ನೋಡಲಿ. ಫ್ರೀ ಫ್ಲೋಟಿಂಗ್ ರೈಫಲ್ ಆಗಿದ್ದರೆ ಅದು ಎಲ್ಲೂ ಸಿಕ್ಕಿಕೊಳ್ಳದೆ ಸರಾಗವಾಗಿ ಸಾಗಬೇಕು.

ಕೆತ್ತುವುದು, ಉಜ್ಜುವುದು, ಅಂಟು ತುಂಬುವುದು ಬೇಡ. ಹೆಚ್ಚು ಕೆತ್ತಿದ ಮರ ಸೀಳಬಹುದು. ಜೊತೆಗೆ, 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿಗೂ ಪ್ರತ್ಯೇಕ ಪರವಾನಗಿ ಬೇಕು. ಪರವಾನಗಿ ಪಡೆದ ರಿಪೇರಿಯವರಿಗೇ ಕೊಡಿ.

ಫಾರ್ವರ್ಡ್ ಮಾಡುವ ಮುನ್ನ

ಮರ ಗುರಿಯನ್ನು ಕೆಡಿಸಬಲ್ಲದು, ಹೌದು. ಆದರೆ ಸವೆದ ನಳಿಕೆ, ಸಡಿಲವಾದ ಸೈಟ್, ಹೊಂದದ ಗುಂಡು, ಟ್ರಿಗರ್ ಜಗ್ಗುವ ಬೆರಳು, ಇವು ಯಾವುದನ್ನೂ ಮರ ಸರಿಪಡಿಸಲಾರದು. ಮೊದಲು ಅವನ್ನು ಪರೀಕ್ಷಿಸಿ, ಆಮೇಲೆ ಮರದ ಕಡೆ ನೋಡಿ.